ಮಕ್ಕಳ ಮಾಷ್ಟ್ರು ಪಂಜೆ ಮಂಗೇಶರಾಯರು



ನಮ್ಮ ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಾಲ, ಠೇವಣಿ, ಗೊಬ್ಬರದ ಲೆಕ್ಕ ಬೇಕಾದಷ್ಟು ಉಂಟು. ಅದರ ಮಧ್ಯೆ ಒಬ್ಬ ಮಾಷ್ಟ್ರನ್ನು ನೆನೆಯುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ಸಂಘದ ಪುಸ್ತಕದಲ್ಲಿ ಹೆಬ್ಬೆಟ್ಟು ಹೋಗಿ ಸಹಿ ಬಂದದ್ದು ಊರೂರಿನ ಮಾಷ್ಟ್ರುಗಳಿಂದಲೇ ಅಲ್ಲವೇ?

ಪಂಜೆ ಮಂಗೇಶರಾಯರು ನಮ್ಮ ಜಿಲ್ಲೆಯವರೇ. 1874ರ ಫೆಬ್ರವರಿ 22ರಂದು ಬಂಟ್ವಾಳದಲ್ಲಿ ಹುಟ್ಟಿದರು. ಹಿರಿಯರ ಮೂಲ ಸುಬ್ರಹ್ಮಣ್ಯದ ಹತ್ತಿರದ ಪಂಜ. ಎಳೆಯ ಪ್ರಾಯದಲ್ಲೇ ತಂದೆ ತೀರಿಹೋದರು. ಮನೆಯಲ್ಲಿ ಬಡತನ, ಮೇಲಿಂದ ತಮ್ಮಂದಿರ ಭಾರ. ಮನೆಪಾಠ ಹೇಳಿಕೊಂಡೇ ತಾವೂ ಕಲಿತರು, ಅವರನ್ನೂ ದಡ ಸೇರಿಸಿದರು. ಮುಂದೆ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಆಮೇಲೆ ಶಾಲಾ ಇನ್ಸ್‌ಪೆಕ್ಟರಾದರು.

ಆ ಕಾಲದಲ್ಲಿ ಇನ್ಸ್‌ಪೆಕ್ಟರು ಬರುತ್ತಾರೆಂದರೆ ಮಾಷ್ಟ್ರಿಗೂ ನಡುಕ, ಮಕ್ಕಳಿಗೂ ನಡುಕ. ಪಂಜೆಯವರು ಬಂದರೆ ಮಾತ್ರ ಶಾಲೆಯಲ್ಲಿ ಕಥೆ, ಪದ್ಯ, ನಗು. ನಮ್ಮ ಕಡೆಯ ಮಕ್ಕಳ ಕಷ್ಟ ಅವರಿಗೆ ಗೊತ್ತಿತ್ತು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಶಾಲೆಗೆ ಬಂದರೆ ಕನ್ನಡ. ಅದರಲ್ಲೂ ಪುಸ್ತಕದ ಕನ್ನಡ ಗಟ್ಟಿ, ಬಾಯಿಪಾಠಕ್ಕೂ ಬಗ್ಗದು. ಅವರ ಮನೆಮಾತೂ ಕೊಂಕಣಿಯೇ. ಮಕ್ಕಳ ನಾಲಿಗೆಗೆ ಸಲೀಸಾಗುವ ಪುಸ್ತಕ ಇಲ್ಲ ಅಂತ ದೂರುತ್ತ ಕೂರಲಿಲ್ಲ, ತಾವೇ ಬರೆದರು.

ನಾಗರಹಾವಿನ ಪದ್ಯ ಗೊತ್ತಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? ಗದ್ದೆ ಬದುವಿನಲ್ಲಿ ನಾಗರ ಕಂಡರೆ ನಾವು ಕೈಮುಗಿದು ದೂರ ಸರಿಯುವವರು. ಅಂಥ ಹಾವಿನ ಎದುರು ಮಗುವನ್ನು ನಿಲ್ಲಿಸಿ, ಹೆದರಿಕೆಯ ಜೊತೆಗೇ ಸಲಿಗೆಯಿಂದ ಮಾತಾಡಿಸಿಬಿಟ್ಟರು. ತುಳು ಪಾಡ್ದನದ ಕೋಟಿ ಚೆನ್ನಯರ ಕಥೆಯನ್ನು ಕನ್ನಡಕ್ಕೆ ತಂದು ಇಡೀ ನಾಡಿಗೆ ಮುಟ್ಟಿಸಿದವರೂ ಅವರೇ. ಇಷ್ಟೆಲ್ಲ ಬರೆದೂ ಕವಿ ಅಂತ ಹೇಳಿಕೊಳ್ಳಲಿಲ್ಲ. ಇಟ್ಟುಕೊಂಡ ಹೆಸರು ಕವಿಶಿಷ್ಯ.

ಒಬ್ಬರಿಂದಲೇ ಆಗುವ ಕೆಲಸ ಇದಲ್ಲವೆಂದು 1921ರಲ್ಲಿ ಮಂಗಳೂರಿನಲ್ಲಿ ಸ್ನೇಹಿತರನ್ನು ಸೇರಿಸಿ ಬಾಲಸಾಹಿತ್ಯ ಮಂಡಲ ಕಟ್ಟಿ ಮಕ್ಕಳ ಪುಸ್ತಕ ಹೊರತಂದರು. ನಾಲ್ಕು ಕೈ ಸೇರಿಸಿ ಕೆಲಸ ಮಾಡುವುದಕ್ಕೇ ತಾನೇ ನಾವು ಸಹಕಾರ ಎನ್ನುವುದು!

ಆಮೇಲೆ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾದರು. ಅಲ್ಲಿದ್ದಾಗ ಬರೆದ ಹುತ್ತರಿ ಹಾಡನ್ನು ಕೊಡಗಿನವರು ಇವತ್ತಿಗೂ ಅಭಿಮಾನದಿಂದ ಹಾಡುತ್ತಾರೆ. ಹೊರಗಿನಿಂದ ಹೋದ ಒಬ್ಬ ಮಾಷ್ಟ್ರಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದು? ಅಲ್ಲಿಂದಲೇ ನಿವೃತ್ತರಾದರು. ನಿವೃತ್ತಿಯಾದ ಮೇಲೂ ನಾಡು ಅವರನ್ನು ಮರೆಯಲಿಲ್ಲ. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಆಗ ಅವರಿಗೆ 63 ವರ್ಷ.

ಈಗ ನಮ್ಮ ಮಾತು. ಊರಿನ ಶಾಲೆಗೆ ಮಕ್ಕಳು ಬರುವುದೇ ಕಡಿಮೆಯಾಗುತ್ತಿದೆ ಅಂತ ಜಗಲಿಯಲ್ಲಿ ಕೂತು ನಾವೆಲ್ಲ ಮಾತಾಡುತ್ತೇವೆ. ಬರುವ ಮಕ್ಕಳ ಕೈಗೆ ಪಠ್ಯಪುಸ್ತಕ ಬಿಟ್ಟು ಬೇರೆ ಒಂದು ಪುಸ್ತಕ ಕೊಟ್ಟಿದ್ದೇವೆಯೇ? ಸಂಘದ ಲಾಭದಲ್ಲಿ ಸಾರ್ವಜನಿಕ ಹಿತಕ್ಕೆಂದು ತೆಗೆದಿಡುವ ಹಣ ಇದ್ದೇ ಇದೆ. ಅದರಿಂದ ಪ್ರತಿ ವರ್ಷ ಶಾಲೆಗೆ ಒಂದಷ್ಟು ಮಕ್ಕಳ ಪುಸ್ತಕ ಕೊಡಿಸುವ ವಿಷಯವನ್ನು ಮುಂದಿನ ಮಹಾಸಭೆಯಲ್ಲಿ ಮಂಡಿಸುತ್ತೇವೆ. ಸದಸ್ಯರು ಕೈ ಎತ್ತಿ ಒಪ್ಪಿಗೆ ಕೊಡಬೇಕಾಗಿ ವಿನಂತಿ. ಪಂಜೆ ಮಾಷ್ಟ್ರಿಗೆ ನಾವು ತೀರಿಸಬೇಕಾದ ಸಾಲ ಇದು.