ಕಾವಲುಗಾರ ಮಲಗಿದ್ದರೂ ತಾನೇ ತೆರೆಯುವ ಗೇಟು ಮಾಡಿದ ಸರ್ ಎಂ.ವಿ.

ಬಿಳಿಗೆರೆ: ಸೆಪ್ಟೆಂಬರ್ 15 ಬಂತು ಅಂದ್ರೆ ವಾಟ್ಸಾಪ್ ಗ್ರೂಪುಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಎರಡು ಕತೆ ತಪ್ಪದೆ ಬರುತ್ತವೆ. ಒಂದು ಸರ್ಕಾರದ ಮೇಣದಬತ್ತಿ, ಸ್ವಂತ ಮೇಣದಬತ್ತಿ ಕತೆ. ಇನ್ನೊಂದು, ರೈಲಲ್ಲಿ ಕೂತು ಸದ್ದು ಕೇಳಿಯೇ ಮುಂದೆ ಹಳಿ ಮುರಿದಿದೆ ಅಂತ ಕಂಡುಹಿಡಿದು ಚೈನ್ ಎಳೆದ ಕತೆ. ನಿಜವೋ ಕಟ್ಟುಕತೆಯೋ, ಅದು ಹಾಗಿರಲಿ. ರೈಲಿನ ಕತೆಯಲ್ಲಿ ಬುದ್ಧಿವಂತ ಒಬ್ಬ ಸರಿಯಾದ ಹೊತ್ತಿಗೆ ಎಚ್ಚರ ಇದ್ದ, ಜನ ಉಳಿದರು. ಆದರೆ ಅವರು ನಿಜವಾಗಿ ಮಾಡಿದ ದೊಡ್ಡ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಎಚ್ಚರ ಇರಬೇಕಾದವನು ಎಚ್ಚರ ಇಲ್ಲದಿದ್ದರೂ ಜನ ಉಳೀಬೇಕು ಅನ್ನೋದು ಆ ಕೆಲಸದ ಹಿಂದಿನ ಲೆಕ್ಕ.

ನಮ್ಮ ಕಡೆ ಇದನ್ನು ಹೇಳೋದಕ್ಕೆ ಕಾರಣ ಇದೆ. ದಿನಾ ಬೆಳಗ್ಗೆ, ರಾತ್ರಿ ಇಲ್ಲಿಂದ ನಂಜನಗೂಡು, ತಾಂಡವಪುರ, ಕಡಕೊಳದ ಫ್ಯಾಕ್ಟರಿಗಳಿಗೆ ಶಿಫ್ಟ್‌ಗೆ ಹೋಗುವ ಹುಡುಗರು ಎಷ್ಟು ಜನ ಇದ್ದಾರೆ ಅಂತ ಬಸ್ ಸ್ಟಾಪಿನ ಟೀ ಅಂಗಡಿಯವರನ್ನು ಕೇಳಿ. ಎಲ್ಲಾದರೂ ಮಷೀನಿಗೆ ಕೈ ಸಿಕ್ಕಿತು ಅಂದ್ರೆ ಮೊದಲು ಬರೋ ಮಾತು, ಅವನೇ ಸರಿಯಾಗಿ ನೋಡ್ಕೊಂಡಿಲ್ಲ ಅಂತ. ಅಲ್ಲಿಗೆ ವಿಚಾರಣೆ ಮುಗೀತು. ಅವನು ಎಷ್ಟು ತಾಸಿನಿಂದ ನಿಂತಿದ್ದ, ಆ ಮಷೀನಿಗೆ ಗಾರ್ಡ್ ಇತ್ತಾ ಅನ್ನೋದು ಆಮೇಲಿನ ಮಾತು, ಬಂದರೆ.

ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ವರ್ಷ 1860 ಅಂತ ಕೆಲವರು, 1861 ಅಂತ ಕೆಲವರು. ಚಿಕ್ಕ ವಯಸ್ಸಿಗೇ ತಂದೆ ಹೋದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಹೊಟ್ಟೆ ಹೊರೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ಕೆಲಸದ ಶುರುವಿನಲ್ಲೇ ಒಂದು ಪ್ರಸಂಗ ಆಯಿತು. ಖಾನ್‌ದೇಶದ ಪಾಂಝರಾ ನದಿಯ ಕವಲಿಗೆ ಅಡ್ಡಲಾಗಿ ಪೈಪಿನ ಸೈಫನ್ ಹಾಕಬೇಕಿತ್ತು. ಮಳೆ ಬಂದು ಹೊಳೆ ಏರುತ್ತಿತ್ತು, ಕೆಲಸಕ್ಕೆ ತೊಂದರೆ ಆಗುತ್ತಿತ್ತು. ಮಳೆಗಾಲ ಮುಗಿಯಲಿ, ಆಮೇಲೆ ಮಾಡೋಣ ಅಂತ ಮೇಲಧಿಕಾರಿಗೆ ಬರೆದರು. ಮೇಲಿನಿಂದ ಬಂದಿದ್ದು ಗದರಿಕೆ. ಕೆಲಸಕ್ಕೆ ಸೇರಿದ ಹೊಸತರಲ್ಲೇ ಹಿಂಜರಿದರೆ ಹೆಸರು ಕೆಡುತ್ತೆ ಅನ್ನೋ ಅರ್ಥದ್ದು. ಹುಡುಗ ಕಾಗದ ವಾಪಸ್ ತಗೊಂಡು ಕೆಲಸ ಮುಗಿಸಿದ, ಶಹಬ್ಬಾಸ್‌ಗಿರಿಯೂ ಸಿಕ್ಕಿತು. ಇದನ್ನು ಶಿಸ್ತಿನ ಕತೆಯಾಗಿ ಹೇಳೋರು ಬಹಳ ಜನ. ನನಗೆ ಹಾಗೆ ಕಾಣಲ್ಲ. ಅಪಾಯ ಇದೆ ಅಂದವನ ಬಾಯಿ ಮುಚ್ಚಿಸಿದಾಗ ಕೆಲಸ ಸುರಕ್ಷಿತವಾಗಿ ಮುಗಿದರೆ ಅದು ಅದೃಷ್ಟ. ಇವತ್ತು ಟಾರ್ಗೆಟ್ ಹೆಸರಲ್ಲಿ ಅದೇ ಮಾತು ಕೇಳೋ ಸೂಪರ್‌ವೈಸರ್‌ಗಳು ನಮ್ಮ ಸುತ್ತಲೂ ಇದ್ದಾರೆ.

ಅವರ ಹೆಸರು ದೊಡ್ಡದಾಗಿದ್ದು 1903ರಲ್ಲಿ, ಪುಣೆ ಹತ್ತಿರದ ಖಡಕ್‌ವಾಸ್ಲಾ ಕೆರೆಯಲ್ಲಿ. ಪುಣೆಗೆ ಕುಡಿಯೋ ನೀರು, ನಾಲೆಗೆ ನೀರು ಎಲ್ಲಾ ಅಲ್ಲಿಂದಲೇ. ನೀರು ಸಾಲದು, ಇನ್ನಷ್ಟು ಅಡಿ ನಿಲ್ಲಿಸಬೇಕು, ಆದರೆ ಕಟ್ಟೆಯನ್ನು ಎತ್ತರಿಸುವ ಹಾಗಿಲ್ಲ. ಕೋಡಿಯ ಮೇಲೆ ಗೇಟು ಕೂರಿಸಿದರೆ ನೀರೇನೋ ನಿಲ್ಲುತ್ತೆ. ಪ್ರವಾಹ ಬಂದಾಗ ಅದನ್ನು ಎತ್ತೋದು ಯಾರು? ಪ್ರವಾಹ ಆಫೀಸ್ ಟೈಮಿಗೆ ಬರಲ್ಲ. ನಡುರಾತ್ರಿ, ಜಡಿಮಳೆ, ಕತ್ತಲು. ಕಾವಲುಗಾರ ಜ್ವರ ಬಂದು ಮಲಗಿರಬಹುದು, ಗಾಬರಿಯಲ್ಲಿ ಒಂದು ಗೇಟು ಬಿಟ್ಟು ಇನ್ನೊಂದು ಎತ್ತಬಹುದು.

ವಿಶ್ವೇಶ್ವರಯ್ಯ ಮಾಡಿದ ಗೇಟಿಗೆ ಆಳೇ ಬೇಕಿರಲಿಲ್ಲ. ಗೇಟಿಗೆ ಸರಿತೂಕದ ಭಾರ ಕಟ್ಟಿ, ನೀರು ಗುರುತು ದಾಟಿದಾಗ ಆ ನೀರಿನಿಂದಲೇ ತೂಕ ಏರುಪೇರಾಗಿ ಗೇಟು ಮೇಲೇಳುವಂತೆ ಮಾಡಿದರು. ಹೆಚ್ಚಿನ ನೀರು ಹರಿದು ಮಟ್ಟ ಇಳಿದರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಇದೇ ಬಗೆಯ ಸ್ವಯಂಚಾಲಿತ ಗೇಟು ನಮ್ಮ ಕೆಆರ್‌ಎಸ್‌ಗೂ ಬಂತು. ನಮ್ಮಲ್ಲಿ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿಸೋ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಇಲ್ಲಿ ಕರೆಂಟೂ ಬೇಡ.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹೈದರಾಬಾದಿಗೆ ನುಗ್ಗಿ ಸಾವಿರಾರು ಜನ ಸತ್ತರು. ಮಾರನೇ ವರ್ಷ ನಿಜಾಮರ ಸರ್ಕಾರ ಇವರನ್ನು ಕರೆಸಿತು. ಊರಲ್ಲಿ ಕೂತು ವರದಿ ಬರೆಯುವ ಬದಲು ನದಿಯ ಮೇಲ್ಭಾಗದ ಮಳೆ, ಒಡೆದ ಸಣ್ಣ ಕೆರೆಗಳ ಲೆಕ್ಕ ಎಲ್ಲಾ ತೆಗೆದರು. ಒಂದು ಕೆರೆ ಒಡೆದು ಕೆಳಗಿನದನ್ನೂ ಒಡೆಯುತ್ತಾ ಬಂದಿತ್ತು. ಮೇಲ್ಗಡೆಯೇ ನೀರು ತಡೆಯಬೇಕು ಅಂದರು. ಹಾಗೆ ಬಂದಿದ್ದೇ ಉಸ್ಮಾನ್‌ಸಾಗರ, ಹಿಮಾಯತ್‌ಸಾಗರ.

ಅದೇ 1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದರು, 1911ರಲ್ಲಿ ಕೆಆರ್‌ಎಸ್ ಕೆಲಸ ಶುರುವಾಯಿತು, 1912ರಲ್ಲಿ ದಿವಾನರಾದರು. ಮುಂದಿನದು ಎಲ್ಲರಿಗೂ ಗೊತ್ತಿದ್ದಿದ್ದೇ: ಮೈಸೂರು ಬ್ಯಾಂಕ್, ವಿಶ್ವವಿದ್ಯಾಲಯ, ಸಾಬೂನು, ಗಂಧದೆಣ್ಣೆ. ಕೆಆರ್‌ಎಸ್ ಕಟ್ಟಿಸಿದ್ದು ನಾಲ್ವಡಿಯವರೋ ಇವರೋ ಅನ್ನೋ ಜಗಳ ನಮ್ಮ ಜಿಲ್ಲೆಯಲ್ಲಿ ಮುಗಿಯೋದಲ್ಲ, ಇಲ್ಲಿ ಬೇಡ. ಆ ಗೋಡೆಗೆ ಸುರ್ಕಿ ಗಾರೆ ಕಲಸಿ, ಕಲ್ಲು ಹೊತ್ತ ಸಾವಿರಾರು ಕೂಲಿಗಳ ಹೆಸರು ಮಾತ್ರ ಯಾವ ಜಗಳದಲ್ಲೂ ಬರಲ್ಲ. ಹಿಂದುಳಿದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ವಿಚಾರದಲ್ಲಿ ಮಹಾರಾಜರ ಜೊತೆ ಒಮ್ಮತ ಬರದೆ ದಿವಾನಗಿರಿ ಬಿಟ್ಟರು ಅನ್ನೋದನ್ನೂ ಮುಚ್ಚಿಡಬೇಕಿಲ್ಲ. ಯಂತ್ರದ ಮುಂದೆ ಮನುಷ್ಯ ತಪ್ಪುತ್ತಾನೆ ಅಂತ ಲೆಕ್ಕ ಹಾಕಿದವರು, ಶಾಲೆಯ ಬಾಗಿಲೇ ಕಾಣದ ಮನುಷ್ಯರ ಲೆಕ್ಕದಲ್ಲಿ ಎಡವಿದರು ಅನ್ನೋದು ನನ್ನ ಅಭಿಪ್ರಾಯ.

1923ರಿಂದ 1929ರವರೆಗೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಅಧ್ಯಕ್ಷರಾಗಿದ್ದರು. ನಷ್ಟದಲ್ಲಿದ್ದ ಕಾರ್ಖಾನೆ. ಖರ್ಚು ಬಿಗಿ ಮಾಡಿದರು, ಹೊರದೇಶದ ತಜ್ಞರ ಜಾಗಕ್ಕೆ ಇಲ್ಲಿನವರನ್ನೇ ತರಬೇತಿ ಕೊಟ್ಟು ತಂದರು.

1955ರಲ್ಲಿ ಭಾರತ ರತ್ನ ಬಂತು. 1960ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಶತಮಾನೋತ್ಸವಕ್ಕೆ ನೆಹರೂ ಬಂದಿದ್ದರು. ಆಗಿ ಹತ್ತೇ ತಿಂಗಳು. 1961ರ ಜುಲೈ 12ರಂದು ಪುಣೆಯ ಮೇಲಿನ ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಕೆಲಸ ಇನ್ನೂ ಪೂರ್ತಿಯಾಗಿರಲಿಲ್ಲ, ಆದರೂ ಆ ಮಳೆಗಾಲಕ್ಕೇ ನೀರು ನಿಲ್ಲಿಸಿದ್ದರು. ಆ ನೀರು ಕೆಳಗಿನ ಖಡಕ್‌ವಾಸ್ಲಾಕ್ಕೆ ನುಗ್ಗಿ ಅದೂ ಒಡೆಯಿತು, ಪುಣೆ ಮುಳುಗಿತು. ತಮ್ಮ ಮೊದಲ ಗೇಟು ಕೂರಿಸಿದ ಕಟ್ಟೆ ಹೋದಾಗ ವಿಶ್ವೇಶ್ವರಯ್ಯ ಬದುಕಿದ್ದರು. ಆ ನೀರಿಗೆ ಯಾವ ಗೇಟೂ ಸಾಲುತ್ತಿರಲಿಲ್ಲ. ಮರುವರ್ಷ, 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹರಿಯೋ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸೋಕೆ ಒಂದು ವಾರ ಬೇಕಾಯಿತು. ಕಬಿನಿಯಿಂದ ನೀರು ಬಿಟ್ಟರೆ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುತ್ತೆ. ಕೆಆರ್‌ಎಸ್‌ನಲ್ಲೂ ಬಿಟ್ಟರೆ ತಿ.ನರಸೀಪುರದ ಸಂಗಮದಲ್ಲಿ ಎರಡೂ ನೀರು ಸೇರುತ್ತೆ. ಈ ಮಳೆಗಾಲ ಹೊಳೆದಂಡೆಯ ಅಂಗಡಿಯವರು ಸಾಮಾನು ಮೇಲೆತ್ತಿಡೋಕೆ ಎಷ್ಟು ಹೊತ್ತು ಮುಂಚೆ ಹೇಳ್ತಾರೆ ಅಂತ ತಾಲ್ಲೂಕು ಕಚೇರಿಯಲ್ಲಿ ಈಗಲೇ ಕೇಳಿಟ್ಟುಕೊಳ್ಳಿ.