ಶಿಶುನಾಳದ ಶರೀಫಜ್ಜ ಮತ್ತು ಹಾಡಿನ ಕೊನೆಯ ಸಾಲು

ಈ ಸಲ ಗೋಡೆ ಪತ್ರಿಕೆಯಲ್ಲಿ ಮಹಾತ್ಮರ ಜೀವನ ಚರಿತ್ರೆ ಬರೆಯುವ ಪಾಳಿ ನನ್ನದು. ಗಾಂಧೀಜಿ, ನೆಹರೂ, ವಿವೇಕಾನಂದರ ಬಗ್ಗೆ ಹಿಂದಿನ ಸಂಚಿಕೆಗಳಲ್ಲಿ ಬಂದಾಗಿದೆ. ನಾನು ಸಂತ ಶಿಶುನಾಳ ಶರೀಫರ ಬಗ್ಗೆ ಬರೆಯುತ್ತೇನೆ. ಯಾಕೆ ಅವರನ್ನೇ ಆರಿಸಿಕೊಂಡೆ ಅಂದರೆ, ನಾನು ಒಂದು ತಪ್ಪು ಮಾಡಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಹೋದ ನವೆಂಬರ್ 1ರಂದು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನಾವು ನಾಲ್ಕು ಮಂದಿ ಹುಡುಗಿಯರು ಮನೆಯ ಮಾಳಿಗೆ ಸೋರುವ ಹಾಡು ಹಾಡಿದ್ದು ನಿಮಗೆಲ್ಲ ನೆನಪಿರಬಹುದು. ಚಪ್ಪಾಳೆ ಬಹಳ ಬಿತ್ತು. ಹಾಡುವ ಮೊದಲು ಮೈಕಿನಲ್ಲಿ ಹೇಳಿದವಳು ನಾನೇ. ಸಿ. ಅಶ್ವತ್ಥ್ ಅವರು ಬರೆದ ಹಾಡು ಎಂದು ಹೇಳಿದೆ. ಮೊಬೈಲಿನಲ್ಲಿ ಅವರ ಹೆಸರೇ ದೊಡ್ಡದಾಗಿ ಇತ್ತು, ಅದಕ್ಕೆ ಹಂಗ ಬರಕೊಂಡಿದ್ದೆ. ಯಾರೂ ಏನೂ ಅನ್ನಲಿಲ್ಲ. ಆದರೆ ಹಿಂದೆ ಬೇವಿನ ಗಿಡದ ಕೆಳಗೆ ನಮ್ಮ ಅಜ್ಜ ಕುಂತಿದ್ದ. ಮನೆಗೆ ಬಂದ ಮೇಲೆ ಅಜ್ಜ ರಾತ್ರಿ ಊಟದವರೆಗೂ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಕರೆದು ಬಾಜೂಕ ಕೂಡ್ರಿಸಿಕೊಂಡು, ಶರೀಫಜ್ಜನ ಹಾಡನ್ನು ಇನ್ನೊಬ್ಬರ ಹೆಸರಿಗೆ ಹಚ್ಚಿ ಬಂದೆಲ್ಲ ಎಂದು ಬೇಸರ ಮಾಡಿಕೊಂಡ. ನನಗೆ ಅಳು ಬಂತು. ಅವತ್ತಿನಿಂದ ಗುರುಗಳ ಹತ್ತಿರ ಪುಸ್ತಕ ಕೇಳಿ ಓದಿ, ಅಜ್ಜನಿಂದ ಕೇಳಿ ಇದನ್ನು ಬರೆದಿದ್ದೇನೆ.

ಶರೀಫರು ಹುಟ್ಟಿದ್ದು 1819ರಲ್ಲಿ, ಶಿಶುವಿನಹಾಳ ಎಂಬ ಊರಿನಲ್ಲಿ. ಶಿಶುನಾಳ ಅಂದರೂ ಅದೇ. ಅದು ಶಿಗ್ಗಾವಿ ತಾಲ್ಲೂಕಿನಲ್ಲಿದೆ. ಮೊದಲು ಧಾರವಾಡ ಜಿಲ್ಲೆ ಇತ್ತು, 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. (ನಮ್ಮ ಕೊಪ್ಪಳವೂ ಅದೇ ವರ್ಷ ರಾಯಚೂರಿನಿಂದ ಬೇರೆಯಾದದ್ದು.) ಅವರು ಹುಟ್ಟುವ ಒಂದು ವರ್ಷ ಮೊದಲು ಪೇಶವೆಯವರ ಆಳಿಕೆ ಮುಗಿದು ಆ ಕಡೆಯೆಲ್ಲ ಇಂಗ್ಲಿಷರ ಕೈಗೆ ಹೋಗಿತ್ತು. ನಮ್ಮ ಸಾಣಾಪುರ, ಆನೆಗೊಂದಿ ಕಡೆ ಆಗ ನಿಜಾಮರ ರಾಜ್ಯ.

ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಬಹಳ ದಿನ ಅವರಿಗೆ ಮಕ್ಕಳಿರಲಿಲ್ಲವಂತೆ. ಹುಲಗೂರಿನ ಖಾದರ ಶಾ ವಲಿಯವರಿಗೆ ನಡೆದುಕೊಂಡು, ಅವರ ಆಶೀರ್ವಾದದಿಂದ ಈ ಮಗ ಹುಟ್ಟಿದ ಎಂದು ಆ ಕಡೆ ಜನ ಇಂದಿಗೂ ನಂಬುತ್ತಾರೆ. ಮಹಮ್ಮದ ಶರೀಫ ಎಂದು ಹೆಸರಿಟ್ಟರು. ಹುಡುಗ ಕನ್ನಡವನ್ನೂ ಕಲಿತ, ಉರ್ದುವನ್ನೂ ಕಲಿತ. ರಾಮಾಯಣ, ಮಹಾಭಾರತ, ಶರಣರ ವಚನ, ಅಲ್ಲಮಪ್ರಭುವಿನ ಕತೆ ಎಲ್ಲ ಕೇಳಿ ಬೆಳೆದ. ದೊಡ್ಡವರಾದ ಮೇಲೆ ಮುಲ್ಕಿ ಪರೀಕ್ಷೆ ಪಾಸು ಮಾಡಿ ಸುತ್ತಲಿನ ಹಳ್ಳಿಗಳಲ್ಲಿ ಶಾಲೆ ಮಾಸ್ತರಾಗಿದ್ದರು. ಮುಲ್ಕಿ ಅಂದರೆ ಏಳನೇ ಇಯತ್ತೆ ಇದ್ದಂಗ ಎಂದು ಅಜ್ಜ ಹೇಳಿದ. ಹಂಗಾದರೆ ನಮ್ಮ ತರಗತಿ ಪಾಸಾದವರು ಆಗ ಮಾಸ್ತರಾಗುತ್ತಿದ್ದರು! ಈಗ ನಮ್ಮನ್ನು ಒಂದನೇ ತರಗತಿಗೆ ಕಳಿಸಿದರೆ ಹುಡುಗರು ಮಾತು ಕೇಳೋದಿಲ್ಲ.

ಮಾಸ್ತರಿಕೆಯಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಬಿಟ್ಟರು. ಗುರುವನ್ನು ಹುಡುಕತೊಡಗಿದರು. ಆಗ ಕಳಸ ಎಂಬ ಊರಿನಲ್ಲಿ ಗೋವಿಂದಭಟ್ಟರು ಎಂಬ ಬ್ರಾಹ್ಮಣರು ಇದ್ದರು. ದೇವಿಯ ಉಪಾಸಕರು. ಜಾತಿ ಮಡಿ ಮೈಲಿಗೆ ಲೆಕ್ಕಕ್ಕೆ ಇಟ್ಟವರಲ್ಲ. ಎಲ್ಲರ ಮನೆಗೂ ಹೋಗುವವರು, ಎಲ್ಲರ ಕೂಡ ಉಣ್ಣುವವರು. ಅದಕ್ಕೆ ಅವರ ಮಂದಿಯೇ ಅವರನ್ನು ಹುಚ್ಚ ಎಂದು ದೂರ ಇಟ್ಟಿದ್ದರಂತೆ. ಇಂಥವರಿಗೆ ಶರೀಫರು ಶಿಷ್ಯರಾದರು. ಇದರ ಬಗ್ಗೆ ಹಿರಿಯರು ಒಂದು ಕತೆ ಹೇಳುತ್ತಾರೆ. ಮೊದಲ ಸಲ ಕಂಡಾಗ ಭಟ್ಟರು ನಿಮ್ಮಪ್ಪ ಯಾರು ಎಂದು ಗದರಿಸಿ ಕೇಳಿದರಂತೆ. ಸುತ್ತ ಕುಂತವರು ಹುಡುಗ ಹೆದರುತ್ತಾನೆ ಎಂದುಕೊಂಡರು. ಶರೀಫರು ಹೆದರದೆ, ನಿಮ್ಮ ಅಪ್ಪ ಯಾರೋ ನಮ್ಮ ಅಪ್ಪನೂ ಅವನೇ ಎಂದು ಉತ್ತರ ಕೊಟ್ಟರಂತೆ. ಭಟ್ಟರಿಗೆ ಸಿಟ್ಟು ಬರುವ ಬದಲು ಸಂತೋಷವಾಯಿತು. ದೇವರು ಒಬ್ಬನೇ ಎನ್ನುವುದನ್ನು ಈ ಹುಡುಗ ತಿಳಿದಾನ ಎಂದು ಕೂಡಲೇ ಶಿಷ್ಯ ಮಾಡಿಕೊಂಡರು.

ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಊರಿಗೆ ಸುಮ್ಮನೆ ಇರಲು ಆಗುತ್ತದೆಯೇ? ಎರಡೂ ಕಡೆಯವರು ಬೈದರು. ಗುರುಗಳು ಶರೀಫರ ಕೊರಳಿಗೆ ಜನಿವಾರವನ್ನೇ ಹಾಕಿಬಿಟ್ಟರು. ಅದರ ಬಗ್ಗೆ ಶರೀಫರದೇ ಒಂದು ಹಾಡು ಐತಿ. ಜನಿವಾರ ಹಾಕಿಕೊಂಡರೂ ಅವರು ತಮ್ಮ ಧರ್ಮ ಬಿಡಲಿಲ್ಲ. ಮಸೀದಿಗೂ ಹೋದರು, ಗುಡಿಗೂ ಹೋದರು, ಮಠಕ್ಕೂ ಹೋದರು. ಹುಬ್ಬಳ್ಳಿಯ ಸಿದ್ಧಾರೂಢರು, ನವಲಗುಂದದ ನಾಗಲಿಂಗಪ್ಪನವರು ಅವರ ಕಾಲದವರೇ.

ಕುಂದಗೋಳದ ಫಾತಿಮಾ ಎಂಬುವರ ಜೊತೆ ಮದುವೆಯಾಗಿತ್ತು. ಆ ತಾಯಿ ಬಹಳ ವರ್ಷ ಬದುಕಲಿಲ್ಲ. ಆಮೇಲೆ ಶರೀಫರು ಸಂಸಾರ ಬಿಟ್ಟವರಂತೆಯೇ ಊರೂರು ತಿರುಗಿ ಹಾಡಿದರು. ಬಡತನ ಕಡೆಯವರೆಗೂ ಹೋಗಲಿಲ್ಲ.

ಈಗ ಹಾಡಿನ ವಿಷಯಕ್ಕೆ ಬರುತ್ತೇನೆ, ನನಗೆ ಮುಖ್ಯ ಅನಿಸಿದ್ದು ಇದೇ. ಶರೀಫರು ಪದಗಳನ್ನು ಪುಸ್ತಕ ಮಾಡಿ ಅಚ್ಚು ಹಾಕಿಸಲಿಲ್ಲ. ಕಂಡದ್ದನ್ನು ಅಲ್ಲೇ ಹಾಡು ಕಟ್ಟುತ್ತಿದ್ದರು. ಮನೆ ಸೋರಿದರೆ ಹಾಡು, ತಂಬೂರಿ ಕಂಡರೆ ಹಾಡು, ಹೊಸದಾಗಿ ಗಿರಣಿ ಬಂದರೆ ಗಿರಣಿ ಮೇಲೆ ಹಾಡು. ಕೋಳಿ ಮಂಗವನ್ನು ನುಂಗುತ್ತದೆ ಎನ್ನುವ ಹಾಡು ಸಣ್ಣವರಿಗೆ ನಗೆ ಬರಿಸುತ್ತದೆ, ದೊಡ್ಡವರು ಅದರಲ್ಲಿ ವೇದಾಂತ ಇದೆ ಎನ್ನುತ್ತಾರೆ. (ನನಗೆ ಇನ್ನೂ ನಗೆಯೇ ಬರುತ್ತದೆ.) ಧಾಟಿಗಳನ್ನು ಅವರು ಹೊಸದಾಗಿ ಎಲ್ಲಿಂದಲೂ ತರಲಿಲ್ಲ. ಭಜನೆಯ ಧಾಟಿ, ಲಾವಣಿ ಧಾಟಿ, ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುವ ಧಾಟಿ, ಹೀಗೆ ಜನರ ಹತ್ತಿರ ಇದ್ದದ್ದನ್ನೇ ತಗೊಂಡರು. ಮೊಹರಮ್ಮಿಗೆ ಹಸನ್ ಹುಸೇನರ ಮೇಲೆ ರಿವಾಯತ ಪದಗಳನ್ನು ಕಟ್ಟಿದರು. ಎಲ್ಲಮ್ಮನ ಮೇಲೂ ಕಟ್ಟಿದರು, ಬಸವಣ್ಣನ ಮೇಲೂ ಕಟ್ಟಿದರು. ಹಿಂಗಾಗಿ ಅವರ ಹಾಡು ಇಂಥ ಜಾತಿಯದು ಎಂದು ಹೇಳಲು ಬರುವುದಿಲ್ಲ.

ಹಾಡಿನ ಕೊನೆಗೆ ಕವಿಯ ಗುರುತು ಇರುತ್ತದೆ, ಅದಕ್ಕೆ ಅಂಕಿತ ಎನ್ನುತ್ತಾರೆ ಎಂದು ನಾವು ಕನ್ನಡದಲ್ಲಿ ಕಲಿತಿದ್ದೇವೆ. ಹೊಳೆಯ ಆಚೆ ಹಂಪಿಯಲ್ಲಿ ಮಂಟಪ ಇರುವ ಪುರಂದರದಾಸರಿಗೆ ಪುರಂದರ ವಿಠಲ. ಶರೀಫರಿಗೆ ಶಿಶುನಾಳಧೀಶ. ಅಂದರೆ ಅವರ ಊರ ದೇವರು. ಬಹಳ ಹಾಡುಗಳಲ್ಲಿ ಅದರ ಜೊತೆ ಗುರು ಗೋವಿಂದರ ಹೆಸರೂ ಬರುತ್ತದೆ. ಶರೀಫ ಎಂಬ ತಮ್ಮ ಹೆಸರನ್ನು ಅವರು ಮುಂದೆ ಮಾಡಲಿಲ್ಲ. ಮುಸಲ್ಮಾನ ಕವಿ ತನ್ನ ಹಾಡಿನ ಹಕ್ಕನ್ನು ಊರ ದೇವರಿಗೆ ಮತ್ತು ಬ್ರಾಹ್ಮಣ ಗುರುವಿಗೆ ಕೊಟ್ಟ. ಆದರೂ ಆ ಅಂಕಿತ ಕೇಳಿದ ಕೂಡಲೇ ಇದು ಶರೀಫಜ್ಜನದು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಓದು ಬರಹ ಬಾರದ ಭಜನೆಯವರು ಎಷ್ಟೋ ವರ್ಷ ಬರೀ ಬಾಯಿಂದ ಬಾಯಿಗೆ ಹಾಡಿಕೊಂಡು ಬಂದರೂ ಹೆಸರು ಕಳೆಯಲಿಲ್ಲ, ಯಾಕಂದರೆ ಹೆಸರು ಹಾಡಿನ ಒಳಗೇ ಇತ್ತು.

1889ರಲ್ಲಿ ಶರೀಫರು ತೀರಿಕೊಂಡರು. ಎಪ್ಪತ್ತು ವರ್ಷ ಆಗಿತ್ತು. ಹಿಂದೂಗಳೂ ಮುಸಲ್ಮಾನರೂ ತಮ್ಮ ತಮ್ಮ ಪದ್ಧತಿಯಂತೆ ಕಾರ್ಯ ಮಾಡಿದರು. ಒಂದು ಕಡೆ ಕುರಾನು ಓದಿದರು, ಇನ್ನೊಂದು ಕಡೆ ಮಂತ್ರ ಹೇಳಿದರು. ಶಿಶುನಾಳದಲ್ಲಿ ಅವರ ಗದ್ದುಗೆ ಇದೆ. ಈಗಲೂ ಎರಡೂ ಕಡೆಯ ಜನ ಅಲ್ಲಿಗೆ ಬಂದು ಕಾಯಿ ಒಡೆಸುತ್ತಾರೆ, ಸಕ್ಕರೆ ಓದಿಸುತ್ತಾರೆ.

ಆಮೇಲೆ ಶಿವಾನಂದ ಗುಬ್ಬಣ್ಣವರ ಎಂಬ ವಿದ್ವಾಂಸರು ಊರೂರಿನ ಭಜನೆಯವರ ಬಾಯಲ್ಲಿ ಇದ್ದ ಹಾಡುಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದರು. ಸಿ. ಅಶ್ವತ್ಥ್ ಅವರು ರಾಗ ಹಾಕಿ ಕ್ಯಾಸೆಟ್ಟಿನಲ್ಲಿ ಹಾಡಿದ ಮೇಲೆ ಬೆಂಗಳೂರು ಮೈಸೂರಿನವರಿಗೂ ಶರೀಫರು ಗೊತ್ತಾದರು. 1990ರಲ್ಲಿ ಟಿ. ಎಸ್. ನಾಗಾಭರಣ ಅವರು ಸಂತ ಶಿಶುನಾಳ ಶರೀಫ ಎಂಬ ಸಿನಿಮಾ ಮಾಡಿದರು. ಶ್ರೀಧರ್ ಶರೀಫರಾಗಿದ್ದಾರೆ, ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿದ್ದಾರೆ. ಅದಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂದಿದೆ. ಈಗ ರಘು ದೀಕ್ಷಿತ್ ಎಂಬುವರು ಗಿಟಾರ್ ಹಿಡಿದು ಅವೇ ಹಾಡುಗಳನ್ನು ವಿದೇಶಗಳಲ್ಲಿಯೂ ಹಾಡುತ್ತಾರೆ. ಅಶ್ವತ್ಥ್ ಅವರ ತಪ್ಪು ಇದರಲ್ಲಿ ಏನೂ ಇಲ್ಲ, ಅವರು ಶರೀಫರ ಹೆಸರು ಹೇಳಿಯೇ ಹಾಡಿದ್ದಾರೆ. ಕೇಳಿದವಳು ನಾನು ಸರಿಯಾಗಿ ಕೇಳಲಿಲ್ಲ. ಕೊನೆಯ ನುಡಿಯಲ್ಲಿ ಅಂಕಿತವನ್ನು ನನ್ನ ಬಾಯಿಂದಲೇ ಹಾಡಿದ್ದೆ!

ಇದನ್ನು ತರಗತಿಯಲ್ಲಿ ಹೇಳಿದಾಗ ಇಂಗ್ಲಿಷ್ ಅಕ್ಕೋರು ಆಫ್ರಿಕಾದ ಒಂದು ಸಂಗತಿ ಹೇಳಿದರು. ದಕ್ಷಿಣ ಆಫ್ರಿಕಾದಲ್ಲಿ ಸಾಲೊಮನ್ ಲಿಂಡಾ ಎಂಬ ಕಪ್ಪು ಜನಾಂಗದ ಹಾಡುಗಾರ ಇದ್ದ. ದನ ಕಾಯುತ್ತ ಬೆಳೆದವನು. 1939ರಲ್ಲಿ ಸಿಂಹದ ಮೇಲೆ ಒಂದು ಹಾಡು ಹಾಡಿ ರೆಕಾರ್ಡು ಮಾಡಿಸಿದ. ಕಂಪನಿಯವರು ಬಹಳ ಸ್ವಲ್ಪ ದುಡ್ಡು ಕೊಟ್ಟು ಹಾಡಿನ ಹಕ್ಕು ಬರೆಸಿಕೊಂಡರು, ಹತ್ತು ಶಿಲ್ಲಿಂಗ್ ಎಂದು ಹೇಳುತ್ತಾರೆ. ಆ ರೆಕಾರ್ಡು ಅಮೆರಿಕಾಕ್ಕೆ ಹೋಯಿತು. ಅಲ್ಲಿಯ ಬಿಳಿಯ ಹಾಡುಗಾರರು ಅವನ ಭಾಷೆಯ ಮಾತನ್ನು ತಪ್ಪಾಗಿ ಕೇಳಿಸಿಕೊಂಡು ಹಂಗೇ ಹಾಡಿದರು. 1961ರಲ್ಲಿ ಇಂಗ್ಲಿಷ್ ಮಾತು ಸೇರಿಸಿ ಹಾಡಿದಾಗ ಜಗತ್ತೆಲ್ಲ ಕುಣಿಯಿತು. ನಾವು ಟಿ.ವಿ.ಯಲ್ಲಿ ನೋಡಿದ ಸಿಂಹದ ಮರಿಯ ಕಾರ್ಟೂನ್ ಸಿನಿಮಾ ಲಯನ್ ಕಿಂಗ್‌ನಲ್ಲೂ (1994) ಅದೇ ಹಾಡು ಐತಿ. ಆದರೆ ಲಿಂಡಾ 1962ರಲ್ಲಿ ಬಡತನದಲ್ಲೇ ಸತ್ತ. ಅವನ ಹೆಣ್ಣುಮಕ್ಕಳು ಕೋರ್ಟಿಗೆ ಹೋಗಿ, 2006ರಲ್ಲಿ ರಾಜಿಯಾಗಿ ಅವನ ಹೆಸರು ಮತ್ತು ದುಡ್ಡಿನ ಪಾಲು ಸಿಕ್ಕಿತು. ಅವನ ಹಾಡಿಗೆ ಅಂಕಿತ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು ಎಂದು ನಾನು ಅಕ್ಕೋರಿಗೆ ಹೇಳಿದೆ. ಅಂಕಿತ ಇದ್ದರೂ ಅದನ್ನು ಕತ್ತರಿಸುವವರು ಇರುತ್ತಾರೆ ಎಂದು ಅಕ್ಕೋರು ಹೇಳಿದರು.

ಆ ಮಾತು ನಿಜ ಎಂದು ನನಗೆ ಮನೆಯಲ್ಲಿ ಗೊತ್ತಾಯಿತು. ನಮ್ಮ ಓಣಿಯವರು ಹಲಗೆ ಬಾರಿಸುವವರು. ಅಲಾಯಿ ಹಬ್ಬದಲ್ಲಿ ಅಜ್ಜ ಚಿಕ್ಕಂದಿನಿಂದ ಹಲಗೆ ಬಾರಿಸಿದ್ದಾನೆ. ರಿವಾಯತ ಪದ ಕಟ್ಟುವುದನ್ನು ಅವನಿಗೆ ಕಲಿಸಿದವರು ಒಬ್ಬ ಮುಸಲ್ಮಾನ ಉಸ್ತಾದರು, ಅವರು ಈಗ ಇಲ್ಲ. ಅಜ್ಜನಿಗೆ ಓದಲು ಬರುವುದಿಲ್ಲ. ಭತ್ತದ ನಾಟಿ ಮಾಡುವಾಗ, ಕಾಲುವೆ ದಂಡಿ ಮೇಲೆ ಎಮ್ಮೆ ಕಾಯುವಾಗ ಬಾಯಲ್ಲೇ ಕಟ್ಟುತ್ತಾನೆ. ಹುಸೇನರಿಗೆ ನೀರು ಸಿಗದ ಸಂಗತಿಯ ಮೇಲೆ ಅವನು ಕಟ್ಟಿದ ಒಂದು ಪದ ಬಹಳ ಚಲೋ ಐತಿ. ಹೊಳೆ ತುಂಬಿ ಹರಿಯುವ ಊರಲ್ಲಿ ಕುಂತು ನೀರಡಿಕೆಯ ಹಾಡು ಕಟ್ಟಿದ್ದಾನೆ. ಒಂದು ಊರಿನ ಮೇಳದವರು ಅದನ್ನು ಕೇಳಿ ಕಲಿತು ಹೋಗಿ, ಕೊನೆಯ ನುಡಿಯಲ್ಲಿದ್ದ ನಮ್ಮ ಊರಿನ ಮತ್ತು ಉಸ್ತಾದರ ಹೆಸರು ತೆಗೆದು ತಮ್ಮ ಊರಿನ ಹೆಸರು ಹಾಕಿ ಹಾಡಿದರು. ಅದು ಮೊಬೈಲಿನಲ್ಲಿ ಬಂದಿದೆ. ಕೆಳಗೆ ಜಾನಪದ ಎಂದು ಬರೆದಾರ. ನಮ್ಮ ಮಾವ ಅದನ್ನು ತಂದು ಅಜ್ಜನಿಗೆ ಕೇಳಿಸಿದ. ಅಜ್ಜ ಪೂರ್ತಿ ಕೇಳಿದ. ಚಲೋ ಹಾಡ್ಯಾರ ಎಂದ. ಆಮೇಲೆ ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದ.

ಜಾನಪದ ಅಂದರೆ ಯಾರು ಬರೆದದ್ದು ಗೊತ್ತಿಲ್ಲ ಎಂದು ಪುಸ್ತಕದಲ್ಲಿ ಇದೆ. ಆದರೆ ಬರೆದವನು ನಮ್ಮ ಮನೆ ಪಡಸಾಲೆಯಲ್ಲಿ ಕುಂತಾನಲ್ಲ. ಕಲಿತು ಹಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ಶರೀಫಜ್ಜನೂ ಜನರ ಧಾಟಿ ತಗೊಂಡೇ ಹಾಡಿದ್ದು, ಅಜ್ಜನೂ ಉಸ್ತಾದರಿಂದಲೇ ಕಲಿತದ್ದು. ಆ ಒಂದು ನುಡಿ ಯಾಕೆ ಕತ್ತರಿಸಬೇಕಿತ್ತು? ನಮ್ಮ ಓಣಿಯವರ ಕೈಯಲ್ಲಿ ಹಲಗೆ ಇರಬೇಕು, ಹಾಡು ಇರಬಾರದು ಎಂದು ಇರಬಹುದೇ? ಇದನ್ನು ಅಜ್ಜನಿಗೆ ಕೇಳಿದೆ. ಅವನು ಉತ್ತರ ಕೊಡಲಿಲ್ಲ.

ಈಗ ನಾನು ಒಂದು ನೂರು ಪುಟದ ನೋಟ್‌ಬುಕ್ ಮಾಡಿದ್ದೇನೆ. ದಿನಾ ಸಂಜೆ ಅಜ್ಜ ಹೇಳುತ್ತಾನೆ, ನಾನು ಬರೆಯುತ್ತೇನೆ. ಇಲ್ಲಿಯವರೆಗೆ ಹನ್ನೊಂದು ಪದ ಆಗಿವೆ. ಮೊದಲ ಪುಟದಲ್ಲಿ ಅಜ್ಜನ ಹೆಸರನ್ನು ಕೆಂಪು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದು ತೋರಿಸಿದೆ. ಓದಲು ಬರದಿದ್ದರೂ ಅಕ್ಷರದ ಮೇಲೆ ಬೆರಳು ಆಡಿಸಿ, ಉಸ್ತಾದರ ಹೆಸರು ಎಲ್ಲಿ ಐತಿ ಎಂದು ಕೇಳಿದ. ಇನ್ನೂ ಬರೆದಿಲ್ಲ ಎಂದೆ. ಹಂಗಾದರ ಅದನ್ನ ಮ್ಯಾಲೆ ಬರಿ, ನನ್ನದು ಕೆಳಗ ಇರಲಿ ಎಂದು ಹೇಳಿದ. ಮೇಲೆ ಜಾಗ ಉಳಿದಿರಲಿಲ್ಲ. ಆ ಹಾಳೆ ಹರಿದು ಬೇರೆ ಬರೆದೆ.