ಪ್ಲೇಗಿಗೆ ಲಸಿಕೆ ಕೊಟ್ಟ ಹಾಫ್ಕಿನ್

ಹಿಂದಿನ ಕಾಲದಲ್ಲಿ ಪ್ಲೇಗು ಬಂತು ಅಂದ್ರೆ ಜನ ಊರು ಬಿಟ್ಟು ಹೊಲದಾಗ ಗುಡಿಸಲು ಹಾಕ್ಕೊಂಡು ಇರ್ತಿದ್ದರು. ಮೊದಲು ಇಲಿಗಳು ಸಾಯ್ತಿದ್ದವು, ಆಮೇಲೆ ಮನುಷ್ಯರು. ಈ ರೋಗಕ್ಕೆ ಲಸಿಕೆ ತಯಾರಿಸಿದ ಮಹಾನುಭಾವರೇ ವಾಲ್ಡೆಮಾರ್ ಹಾಫ್ಕಿನ್.

ಇವರು 1860ನೇ ಇಸವಿ ಮಾರ್ಚ್ 15ರಂದು ಒಡೆಸ್ಸಾ ಪಟ್ಟಣದಲ್ಲಿ ಯಹೂದಿ ಕುಟುಂಬದಲ್ಲಿ ಜನಿಸಿದರು. ಅದು ಆಗ ರಷ್ಯಾ ದೇಶಕ್ಕೆ ಸೇರಿತ್ತು, ಈಗ ಉಕ್ರೇನ್ ದೇಶದಲ್ಲಿದೆ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ತಯಾರಿಸಿ, 1892ರಲ್ಲಿ ಮೊದಲು ತಾವೇ ಚುಚ್ಚಿಕೊಂಡರು. 1893ರಲ್ಲಿ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಹಬ್ಬಿತು. ಹಾಫ್ಕಿನ್‌ರವರು ಅಲ್ಲಿಯೇ ಪ್ರಯೋಗ ಶುರು ಮಾಡಿದರು. ಮಾಂಸದ ಸಾರು ಕಾಯಿಸಿ ಗಾಜಿನ ಬುರುಡೆಗೆ ಹಾಕಿ, ಅದರಲ್ಲಿ ರೋಗಾಣು ಬೆಳೆಸಿದರು. ಸಾರಿನ ಮೇಲೆ ತುಪ್ಪದ ಹನಿ ತೇಲಿ ಬಿಟ್ಟರು. ನಮ್ಮ ಮನೆಯ ತುಪ್ಪವೇ! ರೋಗಾಣುಗಳು ಆ ಹನಿಗೆ ಅಂಟಿಕೊಂಡು ಆಲದ ಮರದ ಬಿಳಲಿನ ಹಾಗೆ ಕೆಳಕ್ಕೆ ಇಳಿದು ಬೆಳೆದವು. ಆಮೇಲೆ ಅದನ್ನು ಬಿಸಿ ಮಾಡಿ ರೋಗಾಣು ಸಾಯಿಸಿದರು. ಸತ್ತ ರೋಗಾಣು ಚುಚ್ಚಿದರೆ ರೋಗ ಬರೋದಿಲ್ಲ, ಆದರೆ ರೋಗದ ಜೊತೆ ಹೋರಾಡೋದನ್ನು ದೇಹ ಕಲಿಯುತ್ತದೆ. 1897 ಜನವರಿ 10ರಂದು ಇದನ್ನೂ ಮೊದಲು ತಾವೇ ಚುಚ್ಚಿಸಿಕೊಂಡರು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಈ ಲಸಿಕೆ ಹಾಕಿಸಿಕೊಂಡರು. ಅವರಲ್ಲಿ ಸಾವು ಬಹಳ ಕಡಿಮೆ ಆಯಿತು.

ಆದರೆ ಅವರಿಗೆ ದೊಡ್ಡ ಕಷ್ಟ ಬಂತು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಅವರಲ್ಲಿ 19 ಜನ ಧನುರ್ವಾಯು ಆಗಿ ಸತ್ತರು. ಆ 19 ಜನರಿಗೂ ಒಂದೇ ಬಾಟ್ಲಿಯ ಲಸಿಕೆ ಹಾಕಿದ್ದರು. ತಪ್ಪು ಹಾಫ್ಕಿನ್‌ರವರ ಪ್ರಯೋಗಾಲಯದ್ದೇ ಎಂದು ಹೇಳಿ ಅವರನ್ನು ಕೆಲಸದಿಂದ ದೂರ ಇಟ್ಟರು. ನಿಜವಾಗಿ ಆಗಿದ್ದೇ ಬೇರೆ. ಹಳ್ಳಿಯಲ್ಲಿ ಬಾಟ್ಲಿ ಬಿಚ್ಚುವಾಗ ಚಿಮಟ ಕೈಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧ ಮಾಡದೆ ಅದರಿಂದಲೇ ಬಿರಡೆ ತೆಗೆದಿದ್ದರು. ಧನುರ್ವಾಯುವಿನ ರೋಗಾಣು ಮಣ್ಣಿನಾಗೇ ಇರ್ತದೆ. ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳು ಹಾಫ್ಕಿನ್‌ರವರ ಪರವಾಗಿ ನಿಂತರು. ಐದು ವರ್ಷ ಆದ ಮೇಲೆ, 1907ರಲ್ಲಿ, ಅವರು ನಿರ್ದೋಷಿ ಎಂದು ಸರ್ಕಾರ ಒಪ್ಪಿತು. ಅವರು ಮತ್ತೆ ಭಾರತಕ್ಕೆ ಬಂದು ಕಲ್ಕತ್ತಾದಲ್ಲಿ ಕೆಲಸ ಮಾಡಿದರು.

1925ರಲ್ಲಿ ಮುಂಬಯಿಯ ಪ್ರಯೋಗಾಲಯಕ್ಕೆ ಹಾಫ್ಕಿನ್ ಸಂಸ್ಥೆ ಎಂದು ಹೆಸರಿಟ್ಟರು. ಅವರು 1930 ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು.

ಗೆಳೆಯರೇ, ಸೂಜಿ, ಚಿಮಟ, ಬಿರಡೆ ಇವೆಲ್ಲ ಸಣ್ಣ ವಸ್ತುಗಳು. ಆದರೆ ಅವು ಶುದ್ಧ ಇಲ್ಲಾಂದ್ರೆ ಒಳ್ಳೆ ಔಷಧವೂ ಜೀವ ತೆಗೀತದೆ. ಕುರುಗೋಡು, ಸಿರುಗುಪ್ಪ, ಬಳ್ಳಾರಿ ಎಲ್ಲಿಯ ದವಾಖಾನೆಗೆ ಹೋದರೂ ಸೂಜಿಯನ್ನು ಹೊಸ ಪ್ಯಾಕೆಟ್ ಒಡೆದು ತೆಗೀತಾರಾ ಅಂತ ನಾವೂ ನೋಡಬೇಕು.